ಗ್ಯಾಸ್ ಲೈಟ್ ಬಾಡಿಗೆ ನಿಲ್ಲುತ್ತಿದೆ, ರಿಪೇರಿ ಇದ್ದೇ ಇರುತ್ತದೆ

ನಮ್ಮ ಗ್ರಾಹಕರಿಗೆ ನಮಸ್ಕಾರ.

ಈ ಯುಗಾದಿಯಿಂದ ಬೆಂಗಳೂರಿನ ಬಳೇಪೇಟೆಯ ನಮ್ಮ ಅಂಗಡಿಯಲ್ಲಿ ಪೆಟ್ರೋಮ್ಯಾಕ್ಸ್ ಬಾಡಿಗೆಗೆ ಸಿಗುವುದಿಲ್ಲ. ಮೆರವಣಿಗೆಗೂ ಪರಿಷೆ ಅಂಗಡಿಗೂ ಇನ್ನು ಚಾರ್ಜ್ ಮಾಡುವ ಎಲ್‌ಇಡಿ ದೀಪ ಕೊಡುತ್ತೇವೆ. ಬಾಡಿಗೆ ಮೊದಲಿನಷ್ಟೇ. ಈಗಾಗಲೇ ಅಡ್ವಾನ್ಸ್ ಕೊಟ್ಟವರು ರಸೀದಿ ತಂದರೆ ಪೂರ್ತಿ ಹಣ ವಾಪಸ್.

ನಾವೆಲ್ಲ ಅದನ್ನು ಗ್ಯಾಸ್ ಲೈಟ್ ಅಂತಲೇ ಕರೆದೆವು. ಆದರೆ ಕೆಳಗಿನ ಟ್ಯಾಂಕಿನಲ್ಲಿರುವುದು ಸೀಮೆಎಣ್ಣೆ. ಪಂಪ್ ಹೊಡೆದರೆ ಗಾಳಿಯ ಒತ್ತಡಕ್ಕೆ ಎಣ್ಣೆ ಮೇಲೇರುತ್ತದೆ, ಬಿಸಿ ಕೊಳವೆಯಲ್ಲಿ ಆವಿಯಾಗುತ್ತದೆ, ಆ ಆವಿ ಉರಿದು ಮ್ಯಾಂಟಲ್, ಅಂದರೆ ಬಲೆಯಂಥ ಪುಟ್ಟ ಚೀಲ, ಬೆಳ್ಳಗೆ ಬೆಳಗುತ್ತದೆ. ಹಾಗಾಗಿ ಹೆಸರು ಪೂರ್ತಿ ಸುಳ್ಳೂ ಅಲ್ಲ. ಕಲ್ಕತ್ತಾದ ಬೀದಿಗೆ 1857ರಲ್ಲೇ ಕಲ್ಲಿದ್ದಲಿನ ಗ್ಯಾಸ್ ದೀಪ ಬಂದಿತ್ತು. ನಮ್ಮ ಬೀದಿಗಳಲ್ಲಿ ಇದ್ದದ್ದು ಸೀಮೆಎಣ್ಣೆ ದೀಪ. 1905ರ ಆಗಸ್ಟ್ 5ರಂದು ಶಿವನಸಮುದ್ರದ ಕರೆಂಟು ಮಾರ್ಕೆಟ್ ಹತ್ತಿರ ಬೆಳಗಿತು. ಕರೆಂಟು ಬಂದ ಮೇಲೂ ಗ್ಯಾಸ್ ಲೈಟ್‌ಗೆ ಕೆಲಸ ಇತ್ತು. ದೀಪದ ಕಂಬ ಮೆರವಣಿಗೆಯ ಜೊತೆ ನಡೆಯುವುದಿಲ್ಲ ಅಲ್ವಾ? ಅದಕ್ಕೇ ಜನ ಇದನ್ನು ತಲೆ ಮೇಲೆ ಹೊತ್ತರು.

ಈಗ ಸೀಮೆಎಣ್ಣೆ ಸಿಗುವುದೇ ಕಷ್ಟ. ಸ್ಪಿರಿಟ್ ಹಚ್ಚಿ, ಕೊಳವೆ ಕಾಯಿಸಿ, ಹದ ನೋಡಿ ಪಂಪ್ ಹೊಡೆಯುವ ಹುಡುಗರೂ ಇಲ್ಲ. ಹೋದ ವರ್ಷ ಒಂದು ಮದುವೆ ಮೆರವಣಿಗೆಯಲ್ಲಿ ನಾಲ್ಕು ಹನಿ ಮಳೆ ಬಿತ್ತು. ಕಾದ ಗಾಜು ಪಟ್ ಅಂತ ಸಿಡಿಯಿತು. ಹೊತ್ತಿದ್ದವರಿಗೆ ಏನೂ ಆಗಲಿಲ್ಲ, ನಮ್ಮ ಪುಣ್ಯ. ಆವತ್ತು ರಾತ್ರಿಯೇ ಸಾಕು ಅನಿಸಿತು. ಎಲ್‌ಇಡಿಯಲ್ಲಿ ಆ ಬುಸ್ ಅನ್ನುವ ಸದ್ದಿಲ್ಲ, ನಿಜ. ನಮಗೂ ಬೇಜಾರೇ.

ರಿಪೇರಿ ಮಾತ್ರ ಮೊದಲಿನಂತೆಯೇ. ವಾಷರ್, ನಿಪ್ಪಲ್, ಗಾಜು, ಮ್ಯಾಂಟಲ್ ಎಲ್ಲ ಇಟ್ಟಿದ್ದೇವೆ. ಮ್ಯಾಂಟಲ್ ಒಮ್ಮೆ ಉರಿದರೆ ಬರೀ ಬೂದಿಯ ಬಲೆ, ಬೆರಳು ತಾಗಿದರೂ ಪುಡಿ. ಹಳೆಯ ಮ್ಯಾಂಟಲ್‌ಗಳಲ್ಲಿ ಥೋರಿಯಂ ಅನ್ನುವ ವಿಕಿರಣ ಸೂಸುವ ವಸ್ತು ಇರುತ್ತದೆ. ಆ ಪುಡಿಯನ್ನು ಸುಮ್ನೆ ಬಾಯಲ್ಲಿ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಬಾಡಿಗೆಯ ಲೈಟುಗಳನ್ನು ಮಾರುತ್ತಿದ್ದೇವೆ. ಗಲ್ಲಾ ಪೆಟ್ಟಿಗೆ ಮೇಲಿನ ಎರಡು ಹಿತ್ತಾಳೆಯವು ಅಪ್ಪನವು, ಅವನ್ನು ಕೇಳಬೇಡಿ. ಅಟ್ಟದಿಂದ ನಿಮ್ಮದನ್ನು ರಿಪೇರಿಗೆ ತರುವವರು ಟ್ಯಾಂಕ್ ಖಾಲಿ ಮಾಡಿಯೇ ತನ್ನಿ. ಭಾನುವಾರ ಅಂಗಡಿ ಇರುವುದಿಲ್ಲ.