ಕುಡಿಯಲ್ಲ ಅಂದಮಾತ್ರಕ್ಕೆ ಚಟ ಇಲ್ಲ ಅಂತಲ್ಲ

ಮಾನ್ಯ ಸಂಪಾದಕರೇ,

ಮೊಬೈಲ್ ಗೇಮ್ ಚಟ ಅಂದ ಕೂಡಲೇ ಎಲ್ಲರೂ ಮಕ್ಕಳ ಬಗ್ಗೆ ಮಾತಾಡುತ್ತಾರೆ. ನಾನು ಬರೆಯುತ್ತಿರುವುದು ಸಂಬಳ ತರುವ, ಹೆಂಡತಿ ಮಕ್ಕಳಿರುವ ಗಂಡಸರ ಬಗ್ಗೆ. ನನ್ನ ಗಂಡ ಅಂಥವರಲ್ಲೊಬ್ಬರು.

ಅವರು ತೋರಣಗಲ್ಲು ಕಡೆ ಶಿಫ್ಟ್ ಕೆಲಸಕ್ಕೆ ಹೋಗುತ್ತಾರೆ. ಕುಡಿಯುವುದಿಲ್ಲ, ಇಸ್ಪೀಟು ಮುಟ್ಟಿದವರಲ್ಲ. ಆದರೆ ಮನೆಗೆ ಬಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಮುಗಿಯಿತು. ಒಂದು ಮ್ಯಾಚಿಗೆ ಹತ್ತಿರ ಹತ್ತಿರ ಅರ್ಧ ಗಂಟೆ. ನಡುವೆ ಏಳುವಂತಿಲ್ಲ, ಎದ್ದರೆ ಜೊತೆಗಾರರು ಸೋಲುತ್ತಾರಂತೆ. ರ‍್ಯಾಂಕ್ ಬಿದ್ದರೆ ಸಿಟ್ಟು, ಏರಿದರೆ ಇನ್ನೂ ಏರಿಸುವ ಆಸೆ. ನಿದ್ದೆ ಇಲ್ಲದ ಕಣ್ಣಲ್ಲೇ ಡ್ಯೂಟಿಗೆ ಹೊರಡುತ್ತಾರೆ. ದೊಡ್ಡ ದೊಡ್ಡ ಮಷಿನ್‌ಗಳ ನಡುವೆ ಕೆಲಸ, ವಾಪಸ್ ಬರುವ ತನಕ ನನಗೆ ಜೀವದಲ್ಲಿ ಜೀವ ಇರುವುದಿಲ್ಲ. ಎರಡನೇ ಕ್ಲಾಸಿನ ಮಗಳು ಅಪ್ಪನಿಗೆ ಏನಾದರೂ ಹೇಳಬೇಕಾದರೆ ಮೊದಲು ನನ್ನ ಹತ್ತಿರ ಬಂದು, "ಅಮ್ಮ, ಅಪ್ಪಂದು ಮ್ಯಾಚ್ ಮುಗೀತಾ?" ಅಂತ ಕೇಳುತ್ತಾಳೆ.

ಯಾರ ಹತ್ತಿರ ಹೇಳಿಕೊಂಡರೂ ಒಂದೇ ಉತ್ತರ. "ಕುಡಿಯಲ್ಲ, ಹೊರಗೆ ತಿರುಗಲ್ಲ, ಮನೇಲೇ ಇರ್ತಾನೆ. ಇನ್ನೇನು ಬೇಕವ್ವ ನಿನಗೆ?" ಅತ್ತೆಯದೂ ಇದೇ ಮಾತು. ಬಾಯಿಂದ ವಾಸನೆ ಬಂದರೆ, ದುಡ್ಡು ಕೈಬಿಟ್ಟು ಹೋದರೆ ಮಾತ್ರ ಚಟ ಅಂತ ತಿಳಿದಿದ್ದೇವೆ.

2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂತು. ಒಳ್ಳೆಯದೇ ಆಯಿತು. ಆದರೆ ನಮ್ಮ ಮನೆಯ ಆಟದಲ್ಲಿ ಬಾಜಿ ಇಲ್ಲ, ಹಾಗಾಗಿ ಆ ಕಾನೂನಿಗೂ ಇದಕ್ಕೂ ಸಂಬಂಧವಿಲ್ಲ. ಎಲ್ಲ ಆಟ ಬ್ಯಾನ್ ಮಾಡಿ ಅಂತ ನಾನು ಕೇಳುತ್ತಲೂ ಇಲ್ಲ. ಆಡುವವರಲ್ಲಿ ಹೆಚ್ಚಿನವರು ಆಡಿ ಎದ್ದು ಹೋಗುತ್ತಾರೆ. ಏಳಲಾಗದವರ ಗತಿ ಏನು ಅನ್ನುವುದೇ ನನ್ನ ಪ್ರಶ್ನೆ.

ಇದು ಹಟವಲ್ಲ, ಸೋಮಾರಿತನವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಚಟವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ತೊಂದರೆಯಾಗುತ್ತಿದ್ದರೂ ಬಿಡಲಾಗದಿರುವುದು, ಇವು ಅದರ ಲಕ್ಷಣಗಳು. ಸಾಮಾನ್ಯವಾಗಿ ಒಂದು ವರ್ಷವಾದರೂ ಹೀಗೇ ಇದ್ದರೆ ಅದು ಕಾಯಿಲೆ. ಕಾಯಿಲೆ ಅಂದಮೇಲೆ ಬೈದರೆ ವಾಸಿಯಾಗುತ್ತದೆಯೇ? ಫೋನ್ ಕಿತ್ತುಕೊಂಡರೆ ಜಗಳ ಜಾಸ್ತಿಯಾಗುತ್ತದೆ, ಚಟ ಇದ್ದಲ್ಲೇ ಇರುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಕ್ಲಿನಿಕ್ ಇದೆ. ಆದರೆ ಅದು ನಮ್ಮ ಬಳ್ಳಾರಿಯಿಂದ ಸುಮಾರು 300 ಕಿಲೋಮೀಟರ್. ತನಗೆ ಏನೂ ಆಗಿಲ್ಲ ಅನ್ನುವ ಗಂಡನನ್ನು ರಜೆ ಹಾಕಿಸಿ ಅಷ್ಟು ದೂರ ಕರೆದೊಯ್ಯುವುದು ಹೇಗೆ?

ಈ ಊರಿಗೆ ಒಂದು ಹಿರಿಮೆ ಇದೆ, ಎಷ್ಟೋ ಜನಕ್ಕೆ ಗೊತ್ತಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಹಳ್ಳಿ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡಿದರು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿ. ದೇಶಕ್ಕೆ ದಾರಿ ತೋರಿಸಿದ ಜಿಲ್ಲೆಯಲ್ಲಿ ಗೇಮ್ ಚಟಕ್ಕೆ ಎಲ್ಲಿ ಹೋಗಬೇಕು ಅಂತ ಹೇಳುವ ಒಂದು ಬೋರ್ಡು ನನ್ನ ಕಣ್ಣಿಗೆ ಬಿದ್ದಿಲ್ಲ.

ಆರೋಗ್ಯ ಇಲಾಖೆಯವರಲ್ಲಿ ನನ್ನ ಕೋರಿಕೆ ಇಷ್ಟೇ. ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಮದ್ಯ, ಗುಟ್ಕಾ ಬಿಡಿಸುವ ಸಲಹೆಯ ಜೊತೆಗೆ ಗೇಮ್ ಚಟಕ್ಕೂ ಸಲಹೆ ಸಿಗಲಿ. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಮಾತಾಡಿಸಲಿ. ವಾರಕ್ಕೊಂದು ಸಂಜೆಯಾದರೂ ಇರಲಿ, ಶಿಫ್ಟ್‌ನವರಿಗೆ ಬೆಳಗಿನ ಹೊತ್ತು ಆಗುವುದಿಲ್ಲ. ಕಾರ್ಖಾನೆಗಳವರೂ ಸುರಕ್ಷತೆಯ ತರಬೇತಿಯಲ್ಲಿ ಈ ವಿಷಯ ಸೇರಿಸಬೇಕು. ನನ್ನಂತೆಯೇ ಒದ್ದಾಡುತ್ತಿರುವ ಅಕ್ಕ ತಂಗಿಯರಿಗೆ ಒಂದು ಮಾಹಿತಿ: ಮನಸ್ಸಿನ ತೊಂದರೆಗಳಿಗೆಂದೇ ಇರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಗಂಡ ಒಪ್ಪದಿದ್ದರೂ ನೀವೇ ಫೋನ್ ಮಾಡಬಹುದು.

– ಓದುಗರೊಬ್ಬರು, ಬಳ್ಳಾರಿ
(ದಯವಿಟ್ಟು ಹೆಸರು ಹಾಕಬೇಡಿ)