ಕಪ್ಪೆ ಈಜಿಗೆ ಬೆಲೆ ತಂದವರಿಗೆ

ಪ್ಯಾರಿಸ್ ಒಲಿಂಪಿಕ್ಸ್ ಮುಗಿದ ಮೇಲೆ ಬ್ರಿಟನ್ನಿನ ಈಜುಗಾರ ಆಡಂ ಪೀಟಿಯ ಕೋಚ್ ಮೆಲ್ ಮಾರ್ಷಲ್ ಇಂಗ್ಲೆಂಡಿನ ಕೆಲಸ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೊರಟರು. ಆಡಂನ ಈಜನ್ನು ಬೆನ್ನತ್ತಿ ನೋಡಿದ ನಮ್ಮಂಥ ಬ್ರೆಸ್ಟ್‌ಸ್ಟ್ರೋಕ್ (ಕಪ್ಪೆ ಈಜು) ಹುಚ್ಚರ ಋಣ ಮಾತ್ರ ಹಾಗೇ ಉಳಿದಿದೆ. ಪದಕಗಳ ಪಟ್ಟಿ ಎಲ್ಲರಿಗೂ ಗೊತ್ತಿರುವುದೇ, ಬಿಡಿ.

ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಯುಟಾಕ್ಸಿಟರ್‌ನಿಂದ ಡರ್ಬಿಗೆ ಕಾರು ಓಡಿಸಿದ ಆಡಂನ ತಾಯಿಗೆ, ‘ಒಲಿಂಪಿಕ್ ನ್ಯಾನ್’ ಎಂದೇ ಹೆಸರಾದ ಅಜ್ಜಿಗೆ, 2012ರ ಲಂಡನ್ ಒಲಿಂಪಿಕ್ಸ್‌ನ ಸೆಮಿಫೈನಲ್ ಈಜಿ ಪಾರ್ಟಿಗೆ ಹೊರಟಿದ್ದ ಹುಡುಗನೊಳಗೆ ಕಿಚ್ಚು ಹಚ್ಚಿದ ಈಜುಗಾರ ಕ್ರೇಗ್ ಬೆನ್ಸನ್‌ಗೆ, ರಿಲೇಯಲ್ಲಿ ಜತೆಯಾದ ಎಲ್ಲರಿಗೂ ವಂದನೆ.

ಉಳಿದದ್ದೆಲ್ಲ ಮೆಲ್ ಮೇಡಂಗೆ.

ಹದಿನಾಲ್ಕರ ಆಡಂ ಡರ್ಬಿಯ ಕ್ಲಬ್ಬಿಗೆ ಬಂದಾಗ ಅವನ ಫ್ರೀಸ್ಟೈಲ್ ತೀರಾ ಸಾಧಾರಣ. ಬ್ರೆಸ್ಟ್‌ಸ್ಟ್ರೋಕ್ ಈಜಿಸಿ ನೋಡಿದಾಗಲೇ ಮೆಲ್ ಕಣ್ಣರಳಿದ್ದು. ಮಂಡಿಯೂ ಪಾದದ ಕೀಲೂ ಸಾಮಾನ್ಯರಿಗಿಂತ ಹೆಚ್ಚು ಬಾಗುವ ಮೈ ಅದು. ಈ ಈಜಿನಲ್ಲಿ ವೇಗ ಕೊಡುವುದೂ ಕಾಲೇ, ವೇಗ ತಿನ್ನುವುದೂ ಕಾಲೇ. ಒದೆಯುವ ಮುನ್ನ ಹಿಮ್ಮಡಿಯನ್ನು ಸೊಂಟದತ್ತ ಎಳೆದುಕೊಳ್ಳುವಾಗ ತೊಡೆ ನೀರಿಗೆ ಅಡ್ಡ ನಿಲ್ಲುತ್ತದೆ. ಮಂಡಿ ಅಗಲವಾದಷ್ಟೂ ಬ್ರೇಕ್ ಗಟ್ಟಿ. ಆಡಂ ಕಾಲು ಇಕ್ಕಟ್ಟಾಗಿ ಬರುತ್ತದೆ, ಹೊರಕ್ಕೆ ತಿರುಗಿದ ಪಾದ ನೀರನ್ನು ಹಿಂದಕ್ಕೆ ತಳ್ಳಿ ಪೂರ್ತಿ ಮುಚ್ಚಿಕೊಳ್ಳುತ್ತದೆ. ಬೇರೆಯವರು ಹೊಡೆತದ ಗತಿ ಏರಿಸಿದಾಗ ಕೆಡುವುದು ಇಲ್ಲೇ: ಪಾದ ಸಾಕಷ್ಟು ತಿರುಗದೆ ನೀರು ಜಾರುತ್ತದೆ, ಕಾಲು ಮುಚ್ಚುವ ಮೊದಲೇ ಕೈ ಎಳೆತ ಶುರುವಾಗಿಬಿಡುತ್ತದೆ. ಗತಿ ಏರಿದರೂ ಒದೆತ ಮೊಟಕಾಗದಂತೆ ಬೆಳೆಸಿದ ಫಲ ಗಡಿಯಾರದಲ್ಲಿದೆ. 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ಗೆ 2015ರ ಏಪ್ರಿಲ್‌ನಲ್ಲಿ ಲಂಡನ್‌ನಲ್ಲಿ 57.92 ಸೆಕೆಂಡು, 2016ರ ರಿಯೊ ಒಲಿಂಪಿಕ್ಸ್ ಫೈನಲ್‌ನಲ್ಲಿ 57.13, 2019ರಲ್ಲಿ ಗ್ವಾಂಗ್ಜುವಿನ ಸೆಮಿಫೈನಲ್‌ನಲ್ಲಿ 56.88.

ಮೆಲ್ ಸ್ವತಃ ಸೋಲುಂಡವರು. 200 ಮೀಟರ್ ಫ್ರೀಸ್ಟೈಲ್‌ನಲ್ಲಿ ಆ ವರ್ಷದ ಅತಿ ವೇಗದ ಈಜುಗಾರ್ತಿಯಾಗಿ 2004ರ ಅಥೆನ್ಸ್‌ಗೆ ಹೋಗಿ, ಫೈನಲ್ ಕಾಣದೆ ಮರಳಿದರು. ಗೆಲ್ಲಲೇಬೇಕಾದವರು ಗೆಲ್ಲದೆ ಇರುವ ರಾತ್ರಿ ಹೇಗಿರುತ್ತದೆಂದು ಯಾರೂ ಅವರಿಗೆ ವಿವರಿಸಬೇಕಿರಲಿಲ್ಲ.

ಆ ಅರಿವು ಬೇಕಾದದ್ದು 2022ರಿಂದ ಮುಂದೆ. ಮುರಿದ ಪಾದ, ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದ ನಾಲ್ಕನೇ ಸ್ಥಾನ, 2023ರ ಮಾರ್ಚ್‌ನಲ್ಲಿ ಮನಸ್ಸು ಸರಿಯಿಲ್ಲವೆಂದು ಸ್ಪರ್ಧೆಯಿಂದಲೇ ಹಿಂದೆ ಸರಿದದ್ದು. ‘ಮುಗೀತು ಇವನ ಕಥೆ’ ಎಂದವರಲ್ಲಿ ನಾವೂ ಇದ್ದೆವು. ಹೇಳಿಕೊಳ್ಳಲು ನಾಚಿಕೆ. ವರ್ಷಗಟ್ಟಲೆ ಅವನ ಸೆಕೆಂಡು ಎಣಿಸಿದೆವು, ಮನುಷ್ಯ ಹೇಗಿದ್ದಾನೆಂದು ಕೇಳಲಿಲ್ಲ. ಮೆಲ್ ಕೈಬಿಡಲಿಲ್ಲ.

2024ರ ಜುಲೈ 28, ಪ್ಯಾರಿಸ್, 100 ಮೀಟರ್ ಫೈನಲ್. ಇಟಲಿಯ ಮಾರ್ಟಿನೆಂಗಿ 59.03, ಆಡಂ 59.05, ಅಮೆರಿಕದ ನಿಕ್ ಫಿಂಕ್ ಕೂಡ 59.05. ಆ ವೇಗದಲ್ಲಿ 0.02 ಸೆಕೆಂಡು ಎಂದರೆ ಸುಮಾರು ಮೂರು ಸೆಂಟಿಮೀಟರ್, ಎರಡು ಬೆರಳಿನ ಅಗಲ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಎರಡೂ ಕೈ ಒಟ್ಟಿಗೇ ಗೋಡೆ ಮುಟ್ಟಬೇಕು. ಕೊನೆಯ ಹೊಡೆತ ಗೋಡೆಗೆ ಸರಿಯಾಗಿ ಕೂರದಿದ್ದರೆ ಕೈ ಚಾಚಿ ಜಾರುತ್ತ ಕಾಯಬೇಕು, ಇಲ್ಲವೇ ಮೊಟಕು ಎಳೆತವೊಂದನ್ನು ಹಾಕಬೇಕು. ಎರಡರಲ್ಲೂ ಸಮಯ ಸೋರುತ್ತದೆ. ಮರುದಿನವೇ ಆಡಂಗೆ ಕೋವಿಡ್ ಎಂದು ಗೊತ್ತಾಯಿತು. ನಮ್ಮ ಲೆಕ್ಕದಲ್ಲಿ ಟೋಕಿಯೊದ ಚಿನ್ನಕ್ಕಿಂತ ಈ ಬೆಳ್ಳಿಯ ತೂಕವೇ ಜಾಸ್ತಿ. ಯಾರಾದರೂ ವಾದಿಸುವುದಿದ್ದರೆ ವಾದಿಸಲಿ.

2028ರಲ್ಲಿ 50 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಒಲಿಂಪಿಕ್ಸ್‌ಗೆ ಬರುತ್ತಿದೆ. 2017ರಲ್ಲಿ ಬುಡಾಪೆಸ್ಟ್‌ನಲ್ಲಿ ಅದನ್ನು ಆಡಂ 25.95ಕ್ಕೆ ಈಜಿದ್ದ, ನೀರಿನಲ್ಲಿದ್ದದ್ದು ನಿಮ್ಮ ಶಿಷ್ಯನೇ ಎಂಬ ಹೆಮ್ಮೆ ನಿಮ್ಮದು. ಆ ಲೆಕ್ಕಕ್ಕೂ ಮುಂಗಡವಾಗಿಯೇ ಥ್ಯಾಂಕ್ಸ್, ಮೆಲ್ ಮೇಡಂ.