ಪ್ರಾಜೆಕ್ಟ್ ಅಂಕ ಮಗುವಿಗೋ, ಮನೆಗೋ?

ಮಾನ್ಯ ಸಂಪಾದಕರೇ,

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ. ‘ಓದೋ ಮಕ್ಕಳು ಎಲ್ಲಿದ್ದರೂ ಓದ್ತಾರೆ.’ ಕೂಲಿಯವರ ಮನೆಯಿಂದ ಬಂದು 600ರ ಮೇಲೆ ತೆಗೆದ ಒಬ್ಬ ಹುಡುಗನ ಫೋಟೊ ತೋರಿಸಿ ಹೇಳುವ ಮಾತು ಇದು. ಆ ಹುಡುಗನ ಬಗ್ಗೆ ನನಗೂ ಹೆಮ್ಮೆಯೇ. ಆದರೆ ಅವನ ಬೆಂಚಿನಲ್ಲೇ ಕೂತಿದ್ದ ಉಳಿದವರಿಗೆ ಓದುವ ಮನಸ್ಸಿರಲಿಲ್ಲ ಅಂತ ಹೇಳಿದ ಹಾಗಾಯಿತು, ಅಲ್ವಾ? ಅದನ್ನು ನಾನು ಒಪ್ಪುವುದಿಲ್ಲ. ತಿಪಟೂರು ಕಡೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಪ್ಪತ್ತಾರು ವರ್ಷ ಪಾಠ ಮಾಡಿ ನಿವೃತ್ತಳಾದವಳು ನಾನು. ನಾನೇ ಮಾಡಿದ ಒಂದು ತಪ್ಪನ್ನು ಹೇಳಿದರೆ ವಿಷಯ ಬೇಗ ಅರ್ಥವಾಗುತ್ತದೆ.

ಒಂಬತ್ತನೇ ತರಗತಿಗೆ ‘ನಮ್ಮೂರಿನ ಬೆಳೆ’ ಅಂತ ಪ್ರಾಜೆಕ್ಟ್ ಕೊಟ್ಟಿದ್ದೆ. ಒಬ್ಬ ಹುಡುಗ ಸ್ಪೈರಲ್ ಬೈಂಡಿಂಗ್ ಮಾಡಿಸಿ ತಂದ. ಬಣ್ಣದ ಪ್ರಿಂಟು, ಮೇಲೆ ಪ್ಲಾಸ್ಟಿಕ್ ಹಾಳೆ. ಎರಡನೇ ಪುಟ ಓದಪ್ಪ ಅಂದರೆ ತಡವರಿಸಿದ. ಅವನ ತಪ್ಪೇನಿಲ್ಲ, ಅಣ್ಣ ಸೈಬರ್ ಸೆಂಟರ್‌ನಲ್ಲಿ ಮಾಡಿಸಿಕೊಟ್ಟಿದ್ದ. ಇನ್ನೊಬ್ಬ ಹುಡುಗಿ ಹಳೇ ಕ್ಯಾಲೆಂಡರ್ ಹಾಳೆಗಳ ಹಿಂದೆ ಬರೆದು, ಗೋಣಿಚೀಲದ ದಾರದಲ್ಲಿ ಹೊಲಿದು ತಂದಿದ್ದಳು. ಅವಳ ತಾಯಿ ಕೊಬ್ಬರಿ ಒಡೆಯುವ ಕೂಲಿಗೆ ಹೋಗುತ್ತಿದ್ದರು. ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇರಬೇಕು, ಒಳಗಿನ ನೀರು ಪೂರ್ತಿ ಇಂಗಬೇಕು, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಕೊಬ್ಬರಿ ಚಿಪ್ಪಿಗೆ ಬಡಿದು ಗಡಗಡ ಅನ್ನಬೇಕು, ಸದ್ದು ಬರದಿದ್ದರೆ ಇನ್ನೂ ಹಸಿ ಅಂತ ವಾಪಸ್ ಇಡಬೇಕು. ಇಷ್ಟನ್ನೂ ಬರೆದಿದ್ದಳು. ಕಾಗುಣಿತ ಅಲ್ಲಲ್ಲಿ ತಪ್ಪಿತ್ತು. ಹುಡುಗನಿಗೆ ಹತ್ತಕ್ಕೆ ಒಂಬತ್ತು ಕೊಟ್ಟೆ, ಅವಳಿಗೆ ಆರು. ‘ನೀಟಾಗಿಲ್ಲ’ ಅಂತ ಕೆಂಪು ಪೆನ್ನಿನಲ್ಲಿ ಬರೆದೆ ಬೇರೆ. ಅವಳು ಏನೂ ಕೇಳಲಿಲ್ಲ. ಹಾಳೆಗಳನ್ನು ಮಡಚಿ ಬ್ಯಾಗಿನ ತಳಕ್ಕೆ ತುರುಕಿದಳು.

ಬಿ.ಇಡ್ ಓದುವಾಗ ಶಿಕ್ಷಣದ ಸಮಾಜಶಾಸ್ತ್ರ ಅಂತ ಪಾಠಗಳಿದ್ದವು. ಸಾಮಾಜೀಕರಣ, ಸಾಮಾಜಿಕ ಚಲನೆ, ಸಾಂಸ್ಕೃತಿಕ ಬಂಡವಾಳ ಎಲ್ಲವನ್ನೂ ಗೈಡ್ ನೋಡಿ ಬಾಯಿಪಾಠ ಮಾಡಿ ಪಾಸಾಗಿದ್ದೆ. ಅದರಲ್ಲಿ ಕೊನೆಯದು, ಸಾಂಸ್ಕೃತಿಕ ಬಂಡವಾಳ ಅನ್ನುವುದು, ಆ ಒಂಬತ್ತು ಮತ್ತು ಆರು ಅಂಕದ ಹಿಂದೆ ಇದ್ದದ್ದೇ ಅಂತ ತಿಳಿಯಲು ನನಗೆ ಎಷ್ಟೋ ವರ್ಷ ಬೇಕಾಯಿತು. ಆ ಮಾತನ್ನು ಕೊಟ್ಟವರು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯೊ. ಅವರ ತಂದೆ ಹಳ್ಳಿಯ ಅಂಚೆ ನೌಕರ, ಮನೆಯಲ್ಲಿ ಆಡುತ್ತಿದ್ದದ್ದು ಪ್ಯಾರಿಸ್ಸಿನ ಫ್ರೆಂಚ್ ಅಲ್ಲ, ಅಲ್ಲಿನ ಸೀಮೆಯ ನುಡಿ. ದುಡ್ಡು ಹೇಗೆ ಒಂದು ಆಸ್ತಿಯೋ ಹಾಗೆ ಮಾತಾಡುವ ರೀತಿ, ಮನೆಯಲ್ಲಿರುವ ಪುಸ್ತಕ, ಯಾರನ್ನು ಹೇಗೆ ಮಾತಾಡಿಸಬೇಕು ಅನ್ನುವ ಅಭ್ಯಾಸ, ಇವೂ ಆಸ್ತಿಯೇ ಅಂದರು ಅವರು. ಶಾಲೆ ಆ ಆಸ್ತಿಗೆ ಅಂಕ ಕೊಟ್ಟು, ಆಮೇಲೆ ಅದನ್ನೇ ಮಗುವಿನ ಬುದ್ಧಿ ಅಂತ ಕರೆಯುತ್ತದೆ. ನಾನು ಆ ದಿನ ಮಾಡಿದ್ದು ಅದನ್ನೇ. ಅಟ್ಟದ ಮೇಲಿನ ಕಾಯಿಯ ಸದ್ದು ಗೊತ್ತಿರುವುದು ನನಗೆ ಜ್ಞಾನವಾಗಿ ಕಾಣಲೇ ಇಲ್ಲ. ಪ್ಲಾಸ್ಟಿಕ್ ಹಾಳೆ ಕಂಡಿತು.

ಭಾಷೆಯದೂ ಇದೇ ಕಥೆ. ನಮ್ಮ ಕಡೆ ಎಷ್ಟೋ ಮಕ್ಕಳ ಬಾಯಲ್ಲಿ ಹಾವು ‘ಆವು’ ಆಗುತ್ತದೆ, ಹಾಲು ‘ಆಲು’ ಆಗುತ್ತದೆ. ಮನೆಮಂದಿಯೆಲ್ಲ ಹಾಗೇ ಆಡುವುದು. ಗಟ್ಟಿಯಾಗಿ ಓದಿಸಿದಾಗ ತರಗತಿ ಗೊಳ್ಳೆಂದು ನಗುತ್ತದೆ, ನಾವೂ ತುಸು ನಗುತ್ತೇವೆ. ಮಾರನೇ ದಿನದಿಂದ ಆ ಮಗು ಕೈ ಎತ್ತುವುದಿಲ್ಲ. ಆಮೇಲೆ ಸ್ಟಾಫ್ ರೂಮಿನಲ್ಲಿ ಕೂತು ‘ಅವನಿಗೆ ಆಸಕ್ತಿಯೇ ಇಲ್ಲ’ ಅನ್ನುತ್ತೇವೆ.

ಹಾಗೆ ಅನ್ನುವ ಮಾತಿಗೂ ಬೆಲೆ ತೆರಬೇಕಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಾಬರ್ಟ್ ರೋಸೆಂತಾಲ್ ಅನ್ನುವ ಮನಶ್ಶಾಸ್ತ್ರಜ್ಞರು ಲೆನೋರ್ ಜೇಕಬ್‌ಸನ್ ಅನ್ನುವ ಪ್ರಾಂಶುಪಾಲರ ಜೊತೆ ಸೇರಿ ಒಂದು ಶಾಲೆಯಲ್ಲಿ ಪ್ರಯೋಗ ಮಾಡಿ 1968ರಲ್ಲಿ ಪ್ರಕಟಿಸಿದರು. ಐದರಲ್ಲಿ ಒಬ್ಬರಂತೆ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಈ ವರ್ಷ ಇವರು ಚೆನ್ನಾಗಿ ಮುಂದೆ ಬರುತ್ತಾರೆ ಅಂತ ಟೀಚರುಗಳಿಗೆ ಹೇಳಿದರು. ಆ ಮಕ್ಕಳಲ್ಲಿ ವಿಶೇಷವೇನೂ ಇರಲಿಲ್ಲ. ವರ್ಷದ ಕೊನೆಗೆ, ಮುಖ್ಯವಾಗಿ ಒಂದು ಮತ್ತು ಎರಡನೇ ತರಗತಿಯಲ್ಲಿ, ಅವರ ಬುದ್ಧಿಮತ್ತೆ ಪರೀಕ್ಷೆಯ ಅಂಕ ಉಳಿದವರಿಗಿಂತ ಜಾಸ್ತಿ ಏರಿತ್ತು. ಆ ಪ್ರಯೋಗದ ಬಗ್ಗೆ ತಕರಾರುಗಳೂ ಇವೆ, ದೊಡ್ಡ ಮಕ್ಕಳಲ್ಲಿ ಅಷ್ಟು ವ್ಯತ್ಯಾಸ ಕಾಣಲಿಲ್ಲ. ಆದರೂ ಟೀಚರ್ ಮನಸ್ಸಿನಲ್ಲಿರುವುದು ಮಗುವಿಗೆ ತಟ್ಟುತ್ತದೆ ಅನ್ನುವುದಕ್ಕೆ ನಾನೇ ಸಾಕ್ಷಿ. ಆರು ಅಂಕದ ಹುಡುಗಿ ಆಮೇಲೆ ನನಗೆ ತಾನಾಗಿ ಏನನ್ನೂ ತೋರಿಸಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಎಸ್‌ಎಸ್‌ಎಲ್‌ಸಿಯಲ್ಲಿ ಒಂದೊಂದು ವಿಷಯಕ್ಕೆ 80 ಅಂಕ ಬರವಣಿಗೆ ಪರೀಕ್ಷೆಗೆ, 20 ಅಂಕ ಶಾಲೆಯಲ್ಲೇ ಕೊಡುವ ಆಂತರಿಕ ಮೌಲ್ಯಮಾಪನಕ್ಕೆ. ಪ್ರಥಮ ಭಾಷೆಗೆ ಅದು 100 ಮತ್ತು 25. ಚಟುವಟಿಕೆ, ಪ್ರಾಜೆಕ್ಟ್ ಎಲ್ಲ ಈ ಆಂತರಿಕ ಅಂಕದೊಳಗೆ ಬರುತ್ತವೆ. ಉದ್ದೇಶ ಒಳ್ಳೆಯದೇ, ಬರೀ ಬಾಯಿಪಾಠ ಅಳೆಯಬಾರದು ಅಂತ ತಂದದ್ದು. ಆದರೆ ಪ್ರಾಜೆಕ್ಟನ್ನು ಮನೆಗೆ ಕಳಿಸಿದ ಕೂಡಲೇ ಅದು ಮನೆಯ ಪರೀಕ್ಷೆಯಾಗುತ್ತದೆ. ಸ್ಟೇಷನರಿ ಅಂಗಡಿಯಲ್ಲಿ ರೆಡಿ ಚಾರ್ಟು ಸಿಗುತ್ತದೆ, ಜೆರಾಕ್ಸ್ ಅಂಗಡಿಯವರೇ ‘ಯಾವ ಕ್ಲಾಸು?’ ಅಂತ ಕೇಳಿ ಪ್ರಿಂಟು ತೆಗೆದುಕೊಡುತ್ತಾರೆ. ಇನ್ನೊಂದು ಕಡೆ, ಸಂಜೆ ಬಂದು ದನ ಕಟ್ಟಿ, ನೀರು ತುಂಬಿಸಿ, ತಮ್ಮನನ್ನು ನೋಡಿಕೊಳ್ಳುವ ಹುಡುಗಿ ಚಾರ್ಟ್ ಶೀಟಿಗೆ ದುಡ್ಡು ಕೇಳಲು ಹಿಂಜರಿಯುತ್ತಾಳೆ.

ಹಾಗಂತ ಪ್ರಾಜೆಕ್ಟೇ ಬೇಡ ಅನ್ನುವವಳಲ್ಲ ನಾನು. ಬರೀ ಬರವಣಿಗೆ ಪರೀಕ್ಷೆಗೆ ವಾಪಸ್ ಹೋದರೆ ಟ್ಯೂಷನ್ ಇದ್ದವರದೇ ಮೇಲುಗೈ. ನಾನು ಇಲಾಖೆಯನ್ನು ಕೇಳುವುದು ಇಷ್ಟೇ. ಅಂಕ ಕೊಡುವ ಪ್ರಾಜೆಕ್ಟನ್ನು ಶಾಲೆಯಲ್ಲೇ, ಪೀರಿಯಡ್ ಒಳಗೇ, ಶಾಲೆ ಕೊಟ್ಟ ಹಾಳೆ ಮತ್ತು ಬಣ್ಣದಲ್ಲೇ ಮಾಡಿಸಬೇಕು ಅಂತ ಸುತ್ತೋಲೆಯಲ್ಲಿ ಒಂದು ಸಾಲು ಸೇರಿಸಿ. ಹೊರಗೆ ಹೋಗಿ ನೋಡಿ ಬರುವುದು, ಅಜ್ಜಿಯನ್ನು ಕೇಳಿ ಬರುವುದು ಮನೆಯ ಪಾಲಿಗಿರಲಿ, ಬರೆಯುವುದು ಎಲ್ಲರೂ ಒಟ್ಟಿಗೆ ಕೂತು. ನನ್ನ ಕೊನೆಯ ಕೆಲವು ವರ್ಷ ಶನಿವಾರದ ಎರಡು ಪೀರಿಯಡ್‌ನಲ್ಲಿ ಹೀಗೇ ಮಾಡಿಸಿದೆ. ಗಲಾಟೆ ಜಾಸ್ತಿ ಆಯಿತು, ಪೋರ್ಷನ್ ಸ್ವಲ್ಪ ಹಿಂದೆ ಬಿತ್ತು, ಆದರೆ ಅಂಕದ ಪಟ್ಟಿಯಲ್ಲಿ ಹೆಸರುಗಳ ಕ್ರಮ ಬದಲಾಯಿತು. ಜೂನ್‌ಗೆ ಮೊದಲೇ ಸುತ್ತೋಲೆ ಬಂದರೆ ವರ್ಷದ ನಡುವೆ ಶಾಲೆಯಲ್ಲೇ ಮಾಡುವ ರೂಪಣಾತ್ಮಕ ಮೌಲ್ಯಮಾಪನದಲ್ಲಿ (ಎಫ್‌ಎ) ಮೊದಲನೆಯದರಿಂದಲೇ ಶುರು ಮಾಡಬಹುದು.

– ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ತುಮಕೂರು ಜಿಲ್ಲೆ